ಬ್ರಿಂಡ್ಲಿಯ ಸೀನು

ಕ್ಲೈವ್ ಬ್ರಿಂಡ್ಲಿಗೆ ಸೀನು ಬರುತ್ತಿರಲಿಲ್ಲ.

ಬೇರೆ ಯಾರಿಗಾದರೂ ಇದು ನೆಮ್ಮದಿಯ ವಿಷಯ. ಆದರೆ ಕ್ಲೈವ್‌ನ ಮಾನ ಮರ್ಯಾದೆಯೆಲ್ಲ ನಿಂತಿದ್ದದ್ದೇ ಒಂದು ಸೀನಿನ ಮೇಲೆ. ಐವತ್ತು ವರ್ಷದ ಹಿಂದೆ ಟಿನ್ ಬಿಷಪ್ಸ್ ಎಂಬ ರಾಕ್ ಸಂಗೀತ ತಂಡದವರು ತಮ್ಮ ಮೂರನೆಯ ಆಲ್ಬಮ್ 'ಬೂದಿ ಬಟ್ಟಲು' ಮಾಡಲು ಲಂಡನ್ನಿನ ಸ್ಟುಡಿಯೋ ಬಿಟ್ಟು ನಮ್ಮ ಲಾಂಗ್‌ಟನ್ನಿಗೆ ಬಂದಿದ್ದರು. ಪಿಂಗಾಣಿ ಸುಡುವ ಹಳೆಯ ಭಟ್ಟಿಯೊಳಗೆ ದನಿ ಗುಂಯ್ ಎಂದು ಮೊಳಗುತ್ತದೆ ಎಂದು ಯಾರೋ ಅವರ ತಲೆಗೆ ಹುಳ ಬಿಟ್ಟಿದ್ದರು. ಆ ಆಲ್ಬಮಿನ ಒಂದು ಹಾಡಿನಲ್ಲಿ ಡ್ರಮ್ಮು, ಗಿಟಾರು ಎಲ್ಲವೂ ಒಮ್ಮೆಲೇ ನಿಂತುಬಿಡುತ್ತವೆ. ಉಸಿರು ಬಿಗಿಹಿಡಿಯುವ ಮೌನ. ಆ ಮೌನದ ನಡುವೆ, ತಾಳಕ್ಕೆ ಸರಿಯಾಗಿ, 'ಚ್ಛೀ' ಎಂದು ಒಂದು ಸೀನು. ಅದರ ಬೆನ್ನಿಗೇ ಗಿಟಾರು ಮೈಮೇಲೆ ಬಂದವರ ಹಾಗೆ ಎದ್ದು ಕುಣಿಯುತ್ತದೆ. ಆ ಸೀನಿಗೆ ಜಗತ್ತೇ ಮರುಳಾಯಿತು. ತಂಡದವರು ಎಲ್ಲಿ ಹಾಡಿದರೂ ಆ ಜಾಗ ಬಂದ ಕೂಡಲೇ ಮೈದಾನದ ಜನವೆಲ್ಲ ಒಟ್ಟಿಗೆ ಸೀನುತ್ತಿದ್ದರು.

ಆ ಸೀನು ಕ್ಲೈವ್‌ನದು. ಹಾಗೆಂದು ಅವನೇ ಹೇಳಿದ್ದು. ಭಟ್ಟಿಗೆ ಹಾಲಿನ ಬಾಟಲಿ ಕೊಡಲು ಹೋದಾಗ ಜೇಡಿಮಣ್ಣಿನ ದೂಳು ಮೂಗಿಗೆ ಹೊಕ್ಕು ಸೀನಿದೆ ಎಂದು ಪಬ್ಬಿನಲ್ಲಿ, ಬಸ್ಸಿನಲ್ಲಿ, ಸತ್ತವರ ಮನೆಯಲ್ಲಿ ಕೂಡ ಹೇಳಿದ್ದಾನೆ. ಆಮೇಲೆ ಅವನು ಬಾಳೆಲ್ಲ ಮಾಡಿದ್ದು ಕಾರ್ಖಾನೆಯಲ್ಲಿ ಕಮೋಡುಗಳಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. "ನಾನು ಕಳಿಸಿದ್ದರ ಮೇಲೆ ಅರ್ಧ ಇಂಗ್ಲೆಂಡ್ ಕೂತಿದೆ. ಒಬ್ಬನಾದ್ರೂ ನನ್ನ ಹೆಸರು ಕೇಳಿದ್ನಾ? ಒಂದ್ಸಲ ಸೀನಿದ್ದಕ್ಕೆ ಎಲ್ರೂ ಕೇಳಿದ್ರು" ಎನ್ನುತ್ತಿದ್ದ. ಪಾಪ, ಅವನು ಹೇಳುವುದರಲ್ಲಿ ಸುಳ್ಳೇನಿಲ್ಲ. ಆ ಸೀನೊಂದನ್ನು ಬಿಟ್ಟರೆ ಅವನದು ಎನ್ನುವಂಥದ್ದು ಊರಿನಲ್ಲಿ ಏನೂ ಇರಲಿಲ್ಲ.

ಆ ಶನಿವಾರ ಬೆಳಗ್ಗೆ ಪಕ್ಕದ ಮನೆಯ ಬೆರಿಲ್ ಟಾಮ್ಕಿನ್ ಬಾಗಿಲು ತಟ್ಟದೆ ಒಳಗೆ ಬಂದಳು. ಅವಳು ನಮ್ಮ ಊರಿನ ಇತಿಹಾಸ ಸಂಘದ ಅಧ್ಯಕ್ಷೆ. ಇತಿಹಾಸಕ್ಕೆ ಬಾಗಿಲು ತಟ್ಟುವ ಅಗತ್ಯವಿಲ್ಲ ಎಂದು ಅವಳ ನಂಬಿಕೆ. ಕಂಬಳಿಯಲ್ಲಿ ಸುತ್ತಿ ತಂದಿದ್ದ, ಹೆಸರಾಂತವರ ಮನೆಯ ಗೋಡೆಗೆ ಹೊಡೆಯುವಂಥ ನೀಲಿ ಪಿಂಗಾಣಿಯ ದುಂಡು ಫಲಕವನ್ನು ಮೇಜಿನ ಮೇಲಿಟ್ಟಳು.

"ನೋಡು ಬಾತೂ, ಹೆಂಗಿದೆ!"

ನಮ್ಮ ಕಡೆ ಗಂಡಸು ಹೆಂಗಸು, ಪಾದ್ರಿ ಪೊಲೀಸು ಎನ್ನದೆ ಎಲ್ಲರೂ ಎಲ್ಲರಿಗೂ ಪ್ರೀತಿಯಿಂದ 'ಬಾತು', ಅದೇ ಬಾತುಕೋಳಿ. ಲಂಡನ್ನಿನವರು ಕೇಳಿ ನಗುತ್ತಾರೆ. ನಗಲಿ ಬಿಡಿ.

ಫಲಕದ ಮೇಲೆ ಬಿಳಿ ಅಕ್ಷರ: 'ಬೂದಿ ಬಟ್ಟಲು ಆಲ್ಬಮಿನಲ್ಲಿ ಸೀನಿದ ಬ್ರಿಂಡ್ಲಿ ವಾಸಿಸುವ ಮನೆ.'

ಕ್ಲೈವ್ ಕನ್ನಡಕ ಏರಿಸಿ ಓದಿದ, ಇಳಿಸಿ ಓದಿದ. "ಕ್ಲೈವ್ ಎಲ್ಲಿ?"

"ನೀನೇ ಅಲ್ವೇನೋ ಕ್ಲೈವ್?"

"ಅಲ್ಲ, ಇದರ ಮೇಲೆ ಕ್ಲೈವ್ ಎಲ್ಲಿ ಅಂತ!"

"ಜಾಗ ಸಾಲ್ಲಿಲ್ಲ ಬಾತು. ಸುತ್ತ ಹೂಬಳ್ಳಿ ಹಾಕಿಸಿದೀನಲ್ಲ. ಭಟ್ಟೀಲಿ ಸುಟ್ಟು ಮೆರುಗು ಕೊಟ್ಟಾಯ್ತು, ಇನ್ನು ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ಲ. ಈ ಬೀದೀಲಿ ಇನ್ಯಾವ ಬ್ರಿಂಡ್ಲಿ ಇದಾನೆ ಹೇಳು?"

ಒಲೆಯ ಮುಂದೆ ಓಟ್ಸ್ ದೋಸೆ ಮಗುಚುತ್ತಿದ್ದ ಕ್ಲೈವ್‌ನ ಹೆಂಡತಿ ಹೇಜಲ್ ತಿರುಗಿ ನೋಡಿದಳು. "ಇದನ್ನ ಇಷ್ಟು ದೊಡ್ಡದು ಮಾಡೋದು ಬೇಡ ಅಂತ ನಂಗೆ..."

"ಸುಮ್ನಿರೇ ಬಾತು, ನಿಂಗೆ ಮೊದಲಿಂದ್ಲೂ ಸಂಗೀತ ಅಂದ್ರೆ ಆಗಲ್ಲ," ಎಂದು ಬೆರಿಲ್ ಅವಳ ಬಾಯಿ ಮುಚ್ಚಿಸಿ, ತಾನು ತಂದಿದ್ದ ಬಾಂಬನ್ನು ಹಾಕಿದಳು. ಮಧ್ಯಾಹ್ನ ಚರ್ಚಿನ ಸಭಾಂಗಣಕ್ಕೆ ಗ್ವಿನ್ ಪ್ರಾಸರ್ ಬರುತ್ತಿದ್ದಾನೆ. ಅಂದು ಭಟ್ಟಿಯ ಹೊರಗೆ ಲಾರಿಯಲ್ಲಿ ಕೂತು ಧ್ವನಿ ಹಿಡಿದವನು ಅವನೇ. ಜರ್ಮನಿ, ಜಪಾನಿನಿಂದ ಕೂಡ ಅಭಿಮಾನಿಗಳು ಬಂದಿಳಿದಿದ್ದಾರೆ. ಅವರೆಲ್ಲರ ಮುಂದೆ ಹಾಡು ಹಾಕುವುದು, ಆ ಮೌನ ಬಂದಾಗ ಕ್ಲೈವ್ ವೇದಿಕೆಯ ಮೇಲೆ ಸೀನುವುದು.

"ಸೀನೋದಾ?" ಕ್ಲೈವ್‌ನ ಕೈಯ ಚಹ ಬಟ್ಟಲಿನಿಂದ ತಟ್ಟೆಗೆ, ತಟ್ಟೆಯಿಂದ ಪ್ಯಾಂಟಿಗೆ ಇಳಿಯಿತು. "ಸೀನೇನು ನಲ್ಲಿ ನೀರಾ, ತಿರುಗಿಸಿದ ತಕ್ಷಣ ಬರೋಕೆ? ನಾನು ಸೀನಿ ಎಷ್ಟೋ ವರ್ಷ ಆಯ್ತು!"

ಅಷ್ಟರಲ್ಲಿ ಎದುರು ಮನೆಯ ರೆಜ್ ಮೌಂಟ್‌ಫರ್ಡ್ ಕಿಟಕಿಯಿಂದ ತಲೆ ತೂರಿಸಿದ. ಟಿನ್ ಬಿಷಪ್ಸ್ ಮಾಡಿದ ಏಳೂ ಸ್ಟುಡಿಯೋ ಆಲ್ಬಮುಗಳನ್ನು ಅವನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ಕೇಳುವುದಿಲ್ಲ, ಕೇಳಿದರೆ ಸವೆಯುತ್ತವಂತೆ.

"ಏಳಲ್ಲ, ಆರು," ಎಂದ ರೆಜ್, ಯಾರೂ ಕೇಳದಿದ್ದರೂ. "ಭಟ್ಟೀಲಿ ಮಾಡಿದ್ದನ್ನ ಸ್ಟುಡಿಯೋ ಆಲ್ಬಮ್ ಅನ್ನೋದೇ ತಪ್ಪು."

"ನಿಮ್ಮಮ್ಮ ನಿನ್ನ ಬಸ್ಸಲ್ಲಿ ಹೆತ್ತಳು. ಹಂಗಂತ ನಿನ್ನ ಮನುಷ್ಯ ಅನ್ನೋದೂ ತಪ್ಪಾ?" ಎಂದಳು ಬೆರಿಲ್. "ಒಳಗೆ ಬಾ. ಇವನಿಗೆ ಸೀನು ಬರಿಸ್ಬೇಕು."

ಶುರುವಾಯಿತು ನೋಡಿ. ಮೊದಲು ಅವನನ್ನು ಅಂಗಳಕ್ಕೆ ಎಳೆದೊಯ್ದು ಸೂರ್ಯನ ಕಡೆ ಮುಖ ಮಾಡಿ ನಿಲ್ಲಿಸಿದರು. ನಮ್ಮೂರಿನ ಸೂರ್ಯ ಮೋಡದೊಳಗೆ ಮುಸುಕು ಹೊದ್ದು ಮಲಗಿದ್ದ. ಆಮೇಲೆ ದಿಂಬು ಹರಿದು ಗರಿ ತೆಗೆದು ಮೂಗಿಗೆ ಆಡಿಸಿದರು. ಕ್ಲೈವ್ ಕಿಸಿಕಿಸಿ ನಕ್ಕನೇ ಹೊರತು ಸೀನಲಿಲ್ಲ. ಬೆರಿಲ್ ತನ್ನ ಮುದಿ ಬೆಕ್ಕನ್ನು ತಂದು ಅವನ ಮುಖಕ್ಕೆ ಒತ್ತಿದಳು. ಬೆಕ್ಕು ಸೀನಿತು.

"ದೇವ್ರು ಕಾಪಾಡ್ಲೀ, ಬಾತು," ಎಂದ ಕ್ಲೈವ್.

ಅದು ಅವನ ಹುಟ್ಟು ಅಭ್ಯಾಸ. ಎದುರಿಗೆ ಯಾರು ಸೀನಿದರೂ ಆ ಮಾತು ತಾನಾಗಿ ಹೊರಬೀಳುತ್ತಿತ್ತು, ಅದೂ 'ಲೀ' ಯನ್ನು ಗಿಳಿಯ ಹಾಗೆ ಮೇಲಕ್ಕೆ ಎಳೆದು. ಬೀದಿಯ ಮಕ್ಕಳು ಅದನ್ನು ಅಣಕಿಸುವುದಕ್ಕೆಂದೇ ಸುಳ್ಳು ಸೀನು ಸೀನುತ್ತಿದ್ದರು.

ಕಡೆಗೆ ರೆಜ್ ಬಿಳಿ ಮೆಣಸಿನ ಪುಡಿಯ ಡಬ್ಬಿ ತಂದು ಅಂಗೈಯಲ್ಲಿಟ್ಟು ಉಫ್ ಎಂದು ಊದಿದ. ಪುಡಿ ಅಡುಗೆಮನೆಯ ತುಂಬ ಹಾರಿತು. ರೆಜ್ ಸೀನಿದ. ಬೆರಿಲ್ ಸೀನಿದಳು. ಬೆಕ್ಕು ಮತ್ತೆ ಸೀನಿತು. "ದೇವ್ರು ಕಾಪಾಡ್ಲೀ ಬಾತು, ದೇವ್ರು ಕಾಪಾಡ್ಲೀ ಬಾತು," ಎನ್ನುತ್ತಾ ಕ್ಲೈವ್ ಎಲ್ಲರಿಗೂ ಹಂಚಿದ. ಹೇಜಲ್ ಸೆರಗಿನಂತೆ ಏಪ್ರನ್ ಎತ್ತಿ ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಕ್ಲೈವ್‌ನ ಮೂಗು ಮಾತ್ರ ಕಲ್ಲಿನ ಬಸವನ ಮೂಗಿನಂತೆ ತಣ್ಣಗಿತ್ತು.

"ಎದೆಗುಂದಬೇಡ," ಎಂದು ರೆಜ್ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಕ್ಲೈವ್‌ನ ಕರವಸ್ತ್ರಕ್ಕೆ ಸುರಿದು, ಮಡಿಸಿ, ಕೋಟಿನ ಜೇಬಿಗೆ ತುರುಕಿದ. "ಆ ಜಾಗ ಬಂದಾಗ ಇದನ್ನ ತೆಗೆದು ಜೋರಾಗಿ ಉಸಿರೆಳಕೋ. ಸೀನದೆ ಇದ್ರೆ ನನ್ನ ಕೇಳು."

ಸಭಾಂಗಣ ಕಿಕ್ಕಿರಿದಿತ್ತು. ಟಿನ್ ಬಿಷಪ್ಸ್ ಅಂಗಿ ತೊಟ್ಟ ಮುದುಕರು, ಅವರ ಮಕ್ಕಳು, ಮೊಮ್ಮಕ್ಕಳು. ಕ್ಲೈವ್ ವೇದಿಕೆ ಹತ್ತಿದಾಗ ಎಲ್ಲರೂ ಎದ್ದು ಒಟ್ಟಿಗೆ 'ಚ್ಛೀ' ಎಂದರು. ಛಾವಣಿಯ ಪಾರಿವಾಳಗಳು ಹಾರಿಹೋದವು. ಇದಕ್ಕಿಂತ ದೊಡ್ಡ ಸನ್ಮಾನ ಯಾವ ರಾಜನಿಗೆ ಸಿಕ್ಕೀತು? ಕ್ಲೈವ್‌ನ ಕಣ್ಣು ತುಂಬಿತು. ಒಂದು ಸಲ, ದೇವರೇ, ಒಂದೇ ಒಂದು ಸಲ ಸೀನಿಸಿಬಿಡು ಎಂದು ಬೇಡಿಕೊಂಡ.

ಗ್ವಿನ್ ಪ್ರಾಸರ್ ಹಾಡು ಹಾಕಿದ. ಡ್ರಮ್ಮಿನ ಏಟಿಗೆ ಕಿಟಕಿ ಗಾಜುಗಳು ಅದುರಿದವು. ಜನ ಕಾಲು ಕುಟ್ಟಿದರು. ಗಿಟಾರು ಏರಿತು, ಏರಿತು, ತಟ್ಟನೆ ನಿಂತಿತು.

ಮೌನ.

ಕ್ಲೈವ್ ಕರವಸ್ತ್ರ ಎಳೆದು ಮೂಗಿಗೆ ಒತ್ತಿ ಉಸಿರೆಳೆದ. ಮುಖ ಕೆಂಪಾಯಿತು. ಬಾಯಿ ತೆರೆಯಿತು. ಕಣ್ಣು ಮುಚ್ಚಿತು. ಇಡೀ ಸಭೆ ಅವನ ಜೊತೆ ಬಾಯಿ ತೆರೆದು ಮುಂದಕ್ಕೆ ಬಾಗಿತು. "ಆ... ಆ... ಆ..."

ರೆಕಾರ್ಡಿನಲ್ಲಿ 'ಚ್ಛೀ' ಎಂದಿತು. ಗಿಟಾರು ಎದ್ದಿತು. ಹಾಡು ಮುಂದೆ ಹೋಯಿತು. ಕ್ಲೈವ್ ಇನ್ನೂ "ಆ... ಆ..." ಎನ್ನುತ್ತಲೇ ಇದ್ದ. ಹಾಡು ಮುಗಿದು, ಜನ ಮುಖ ಮುಖ ನೋಡಿಕೊಂಡು, ಬೆರಿಲ್ ಕ್ಷಮೆ ಕೇಳಲು ಮೈಕಿನ ಬಳಿಗೆ ಬಂದಾಗ ಬಂತು ನೋಡಿ ಸೀನು! "ಆಆಕ್ಷೀಈಈ!" ಮೈಕು ಮಗುಚಿತು. ಬೆರಿಲ್‌ಳ ಟೋಪಿ ಹಾರಿ ಮೊದಲ ಸಾಲಿನ ಜಪಾನಿಯ ತೊಡೆಯ ಮೇಲೆ ಬಿತ್ತು. ಒಂದಾದ ಮೇಲೆ ಒಂದು, ಸೀನು ನಿಲ್ಲಲಿಲ್ಲ.

"ಆ ಸೀನು ಇದಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಅದು ಗುಬ್ಬಚ್ಚಿ ಸೀನು. ಇದು ಕುದುರೆ ಸೀನು!"

"ಐವತ್ತು ವರ್ಷ ಆಯ್ತಲ್ರೀ," ಎಂದು ಕ್ಲೈವ್ ಸೀನುಗಳ ನಡುವೆ ಬಡಬಡಿಸಿದ. "ಮನುಷ್ಯ... ಆಕ್ಷೀ... ಬಲಿಯೋದಿಲ್ವೇ? ಸೀನೂ ಬಲಿಯುತ್ತೆ!"

ಜನ ಗುಜುಗುಜು ಶುರು ಮಾಡಿದರು. ಗ್ವಿನ್ ಪ್ರಾಸರ್ ಮುಗುಳ್ನಗುತ್ತಾ ಕೈಯೆತ್ತಿದ. "ಜಗಳ ಯಾಕೆ? ಅವತ್ತು ಸೀನಾದ ಮೇಲೆ ಯಾರೋ ಮಾತಾಡಿಬಿಟ್ರು. ಸೀನು ತಾಳಕ್ಕೆ ಸರಿಯಾಗಿ ಬಿದ್ದಿತ್ತು, ಇಟ್ಕೊಂಡ್ವಿ. ಮಾತನ್ನ ನಾನೇ ಬ್ಲೇಡಲ್ಲಿ ಕತ್ತರಿಸಿ ತೆಗೆದೆ. ಆ ತುಂಡು ಟೇಪು ಮೊನ್ನೆ ನನ್ನ ಅಟ್ಟದಲ್ಲಿ ಸಿಕ್ತು. ಸೀನಿನ ಜೊತೆ ಸೇರಿಸಿ ತಂದಿದೀನಿ. ಕೇಳಿ."

ಕ್ಲೈವ್‌ನ ಎದೆ ಹಗುರಾಯಿತು. ಟೇಪು ಸುಳ್ಳು ಹೇಳುವುದಿಲ್ಲ. ಸೀನುತ್ತಲೇ ಎದೆ ಸೆಟೆಸಿ ನಿಂತ.

ಟೇಪು ತಿರುಗಿತು. ಮೌನ. 'ಚ್ಛೀ.' ಆಮೇಲೆ, ಒಡೆದ ಗಂಟಲಿನ ಪಡ್ಡೆ ಹುಡುಗನ ದನಿ, ಗಿಳಿಯ ಹಾಗೆ ಮೇಲಕ್ಕೆ ಎಳೆದು: "ದೇವ್ರು ಕಾಪಾಡ್ಲೀ, ಬಾತು!"

ಸಭೆಯಲ್ಲಿದ್ದ ಲಾಂಗ್‌ಟನ್ನಿನವರೆಲ್ಲ ಒಮ್ಮೆಲೇ ಕ್ಲೈವ್‌ನ ಕಡೆ ತಿರುಗಿದರು. ಆ 'ಲೀ' ಯಾರದೆಂದು ನಮ್ಮ ಬೀದಿಯ ಬೆಕ್ಕಿಗೂ ಗೊತ್ತು.

"ಹಂಗಾದ್ರೆ ಸೀನಿದ್ಯಾರು?" ಎಂದಳು ಬೆರಿಲ್, ತೆಳ್ಳಗಿನ ದನಿಯಲ್ಲಿ.

ಕ್ಲೈವ್‌ಗೆ ಬೆವರು ಕಿತ್ತುಕೊಂಡಿತು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಕರವಸ್ತ್ರವನ್ನು ಒದರಿ ಹಣೆ ಒರೆಸಿಕೊಂಡ. ಮೆಣಸಿನ ಪುಡಿಯ ಮೋಡ ವೇದಿಕೆಯಿಂದ ಇಳಿದು ಮೊದಲ ಸಾಲಿನ ಮೇಲೆ ನಿಧಾನವಾಗಿ ಕೂತಿತು. ಅಲ್ಲಿ ಜಪಾನಿಯ ಪಕ್ಕದಲ್ಲಿ ಕೂತಿದ್ದ ಹೇಜಲ್ ಎರಡು ಕೈಯಲ್ಲೂ ಮೂಗು ಹಿಡಿದಳು. ಪ್ರಯೋಜನವಾಗಲಿಲ್ಲ.

'ಚ್ಛೀ.'

ಅದೇ ಗುಬ್ಬಚ್ಚಿ. ಐವತ್ತು ವರ್ಷದಲ್ಲಿ ಒಂದು ಗರಿಯೂ ನೆರೆದಿರಲಿಲ್ಲ.

"ದೇವ್ರು ಕಾಪಾಡ್ಲೀ, ಬಾತು," ಎಂದ ಕ್ಲೈವ್, ತಡೆಯಲಾಗದೆ.

ಆ ಮಾತು ಬಾಯಿಂದ ಬಿದ್ದ ಕ್ಷಣವೇ ಅವನಿಗೆ ಎಲ್ಲ ನೆನಪಾಯಿತು. ಭಟ್ಟಿಯ ಬಾಗಿಲಲ್ಲಿ ತಲೆಗೆ ಹಸಿರು ಬಟ್ಟೆ ಕಟ್ಟಿದ ಹುಡುಗಿ. ಕೈಯಲ್ಲಿ ವಾದ್ಯಗಾರರಿಗೆಂದು ತಂದ ಓಟ್ಸ್ ದೋಸೆಯ ತಟ್ಟೆ. ಸೀನಿದ ಮೇಲೆ ಕೆಂಪಗಾದ ಅವಳ ಪುಟ್ಟ ಮೂಗು. ಆ ಮೂಗಿಗೆ ಮರುಳಾಗಿಯೇ ಅಲ್ಲವೇ ಅವನು ಅವಳ ಹಿಂದೆ ಬಿದ್ದದ್ದು! ಕತೆ ಹೇಳಿ ಹೇಳಿ ಆ ಮೂಗು ಯಾವಾಗಲೋ ಅವನದೇ ಮೂಗಾಗಿಬಿಟ್ಟಿತ್ತು.

ಸಭಾಂಗಣ ಹುಚ್ಚೆದ್ದಿತು. ಜನ ಕುರ್ಚಿ ಹತ್ತಿದರು, ಅತ್ತರು, ಸೀನಿದರು. ಹೇಜಲ್‌ಳನ್ನು ಎತ್ತಿ ವೇದಿಕೆಯ ಮೇಲೆ ನಿಲ್ಲಿಸಿದರು. ಜರ್ಮನಿಯವನೊಬ್ಬ ಅವಳ ಕೈಗೆ ಮುತ್ತಿಟ್ಟ.

"ಯಾಕೇ ಹೇಳ್ಲಿಲ್ಲ ನಂಗೆ?" ಎಂದು ಕ್ಲೈವ್ ಅವಳ ಕಿವಿಯಲ್ಲಿ ಕೇಳಿದ.

"ಆಲ್ಬಮ್ ಬಂದ ದಿನ ನೀನು ಪಬ್ಬಲ್ಲಿ ಹೇಳ್ಕೊಂಡು ಕುಣೀತಾ ಬಂದೆ. ಅಷ್ಟೊಂದು ಖುಷೀಲಿದ್ದೆ ಬಾತು, ಹೆಂಗ್ ಹೇಳ್ಲಿ? ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ಆ ನಾಳೆ ಬರ್ಲೇ ಇಲ್ಲ."

ಬೆರಿಲ್ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರು ಬಿಟ್ಟಳು. "ಸದ್ಯ! ಕ್ಲೈವ್ ಅಂತ ಬರೆಸಿದ್ರೆ ಫಲಕ ಒಡೆದು ಬಿಸಾಕ್ಬೇಕಿತ್ತು. ಬ್ರಿಂಡ್ಲಿ ಅಂತಷ್ಟೇ ಇದೆ. ಹೇಜಲ್ಲೂ ಬ್ರಿಂಡ್ಲೀನೇ. ನಡೀ ಬಾತು, ಏಣಿ ಹಿಡ್ಕೋ."

ಏಣಿ ಹಿಡಿದದ್ದು ಕ್ಲೈವ್. ಮೊಳೆ ಕೊಟ್ಟದ್ದು ಕ್ಲೈವ್. ಮೆರುಗು ಬರಲೆಂದು ಫಲಕವನ್ನು ಒರೆಸಿದ್ದೂ ಅವನೇ, ಅದೇ ಕರವಸ್ತ್ರದಿಂದ. ಸಂಜೆ ಚಹದ ಹೊತ್ತಿಗೆ ಮನೆಯ ಮುಂದೆ ಅಭಿಮಾನಿಗಳ ಸಾಲು ಮೂಲೆ ದಾಟಿತ್ತು. ಒಳಗೆ ಹೇಜಲ್ ರಾಣಿಯ ಹಾಗೆ ಆರಾಮಕುರ್ಚಿಯಲ್ಲಿ ಕೂತಿದ್ದಳು. ಕ್ಲೈವ್ ಬಾಗಿಲಲ್ಲಿ ನಿಂತು ಬಂದವರ ಕೋಟು ಇಸಿದುಕೊಳ್ಳುತ್ತಿದ್ದ.

ಆ ಜರ್ಮನಿಯವನು ಒಳಗೆ ಕಾಲಿಟ್ಟ. ಫಲಕದ ಮೇಲಿನ ಮೆಣಸು ಮೂಗಿಗೆ ಹತ್ತಿ ಜೋರಾಗಿ ಸೀನಿದ.

"ದೇವ್ರು ಕಾಪಾಡ್ಲೀ, ಬಾತು," ಎಂದ ಕ್ಲೈವ್.

ಜರ್ಮನಿಯವನು ಗಕ್ಕನೆ ನಿಂತ. ಅವನ ಕಣ್ಣುಗಳು ಅರಳಿದವು. "ಆ ದನಿ! ಟೇಪಲ್ಲಿದ್ದ ದನಿ! ನೀವೇನಾ ಅದು?"

ಕ್ಲೈವ್ ನೆಟ್ಟಗಾದ. ಕತ್ತಿನ ಟೈ ಸರಿಮಾಡಿಕೊಂಡ. ಮಧ್ಯಾಹ್ನದಿಂದ ಇಳಿದುಹೋಗಿದ್ದ ಜೀವ ಮತ್ತೆ ಏರಿಬಂತು. "ಹೌದು," ಎಂದ. "ನಾನೇ."

ಜರ್ಮನಿಯವನು ಹಿಂದೆ ತಿರುಗಿ, ಇಡೀ ಸಾಲಿಗೆ ಕೇಳುವಂತೆ ಉತ್ಸಾಹದಿಂದ ಕೂಗಿದ:

"ಬನ್ರೋ, ಇಲ್ಲಿದಾರೆ ನೋಡಿ! ಆಲ್ಬಮಿಂದ ಕತ್ತರಿಸಿ ಬಿಸಾಕಿದ್ದು ಇವರನ್ನೇ ಅಂತೆ!"