ಹದಿನೇಳನೆಯ ಪುಟದ ಚೀಟಿ

ಕೃಷ್ಣವ್ವ ಮಾವಶಿ ಸತ್ತಿರಲಿಲ್ಲ. ನೀಲೇಶನ ತೊಂದರೆ ಅದೊಂದೇ.

ಮಿರಜದ ಕನ್ನಡ ಮಿಶನರಿ ಸಂಘದ ವಾರ್ಷಿಕ ವರದಿ ವಾರ್ಷಿಕ ಸಭೆಯ ದಿನ ಎಲ್ಲರ ಕೈಯಲ್ಲಿರಬೇಕು. ಕಾರ್ಯದರ್ಶಿ ನೀಲೇಶ ಅದನ್ನು ಅಚ್ಚಿಗೆ ಕೊಡುವ ಹೊತ್ತಿಗೆ, ಸಂಘಕ್ಕೆಲ್ಲ ಚಿಕ್ಕಮ್ಮನಂತಿದ್ದ ಮಾವಶಿ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಕೈಚೆಲ್ಲಿದ್ದರು. ಪ್ರೆಸ್ಸಿನವನು ಕಾಯಲು ತಯಾರಿರಲಿಲ್ಲ. ನೀಲೇಶ ಕಣ್ಣೊರೆಸಿಕೊಳ್ಳುತ್ತ ಹದಿನೇಳನೆಯ ಪುಟದಲ್ಲಿ, 'ಪ್ರಭುವಿನಲ್ಲಿ ನಿದ್ರೆಹೋದವರು' ಎಂಬ ಮೃತರ ಶೀರ್ಷಿಕೆಯ ಕೆಳಗೆ, ಮಾವಶಿಯ ಹೆಸರನ್ನೂ ನಾಲ್ಕು ಸಾಲು ಹೊಗಳಿಕೆಯನ್ನೂ ಬರೆದು ಕಳಿಸಿಬಿಟ್ಟ. ಮೂರನೆಯ ದಿನ ಮಾವಶಿ ಎದ್ದು ಕೂತು ಚಹಾ ಕೇಳಿದರು. ಆ ಸಂತೋಷದಲ್ಲಿ ಪುಟದ ನೆನಪೇ ಹಾರಿಹೋಯಿತು.

ಸಭೆಯ ದಿನ ಬೆಳಿಗ್ಗೆ ಪುಸ್ತಕದ ಗಂಟು ಬಿಚ್ಚಿದವಳು ಅವನ ಹೆಂಡತಿ ಸ್ವಪ್ನಾಲಿ.

"ಅಯ್ಯ ದೇವರ! ಅಕ್ಷರಾ ಕಲಿಸಿದಾಕೀನ್ನ ಮಣ್ಣಾಗ ಇಟ್ಟೀರಲ್ರಿ! ನಾಚಿಕಿ ಬರೂದಿಲ್ಲ ನಿಮಗ?"

ಬಂದಿತ್ತು. ಸಂಡೇ ಸ್ಕೂಲಿನಲ್ಲಿ ಅವನ ಕೈ ಹಿಡಿದು 'ಅ' ತಿದ್ದಿಸಿದವರು ಆ ಮಾವಶಿ. ಅದೇ ಕೈಯಿಂದ ಅವರನ್ನು ಮುಗಿಸಿದ್ದ.

"ಚೀಟಿ ಹಚ್ಚೂಣು," ಅಂದ. ಗಂಡ ಹೆಂಡತಿ ಕೂತು ಇನ್ನೂರು ಪುಸ್ತಕಕ್ಕೆ ಇನ್ನೂರು ಬಿಳಿ ಚೀಟಿ ಅಂಟಿಸಿದರು.

ವರದಿಯನ್ನು ಅಲ್ಲಿ ಯಾರೂ ಓದಿದವರಲ್ಲ. ಸೆಕೆಯಾದರೆ ಬೀಸಿಕೊಳ್ಳುತ್ತಿದ್ದರು, ಬಿಸಿಲಾದರೆ ತಲೆಗೆ ಹಿಡಿಯುತ್ತಿದ್ದರು. ಆದರೆ ಚೀಟಿ ಕಂಡ ಮೇಲೆ ಬಿಟ್ಟಾರೆಯೇ? ಆರಂಭದ ಪ್ರಾರ್ಥನೆ ಮುಗಿಯುವ ಮೊದಲೇ ಸಭೆಗೆ ಸಭೆಯೇ ಪುಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿತು, ಎಕ್ಸ್‌ರೇ ನೋಡುವ ಡಾಕ್ಟರರಂತೆ.

"ಏನ್ ಮುಚ್ಚೀಯೋ ನೀಲೇಶಾ?" ಹಿಂದಿನ ಬೆಂಚಿನ ಬಾಬಾಸಾಹೇಬ ಕಾಕಾ ತಿವಿದರು. "ಕೃ... ಕೃಷ್ಣ... ಅರೇ ಬಾಪ ರೇ! ಮುಂದ ಕುಂತಾಳಲ್ಲೋ!"

ಪಿಸುಮಾತು ಮುಂದಿನ ಬೆಂಚು ಮುಟ್ಟಿತು. ಮಾವಶಿ ಕನ್ನಡಕ ಏರಿಸಿದರು. ಗೋಂದು ಇನ್ನೂ ಹಸಿಯಿತ್ತು. ಚೀಟಿಯನ್ನು ಮೆಲ್ಲಗೆ ಸುಲಿದು ಕೊನೆಯ ಸಾಲಿನವರೆಗೂ ಓದಿದರು.

"ನೀಲೇಶಾ, ಇಲ್ಲೆ ಬಾ."

ಹೋದ. ತಲೆ ಎತ್ತಲಾಗಲಿಲ್ಲ. "ತಪ್ಪಾತ್ರಿ ಮಾವಶಿ. ನೀವು ಇನ್ನೂ ಇರೂಮುಂದ ನಾ..."

"ಸಾಯೂದ ಇಂದಲ್ಲಾ ನಾಳೆ ಐತಿ, ಅದನ್ನ ಬಿಡು!" ಮಾವಶಿಯ ಕೋಲು ಪುಟದ ಮೇಲೆ ಬಿತ್ತು. "'ಯಾರ ಮೇಲೂ ಸಿಟ್ಟಾಗದವರು, ಮಿತಭಾಷಿ.' ಎಂಬತ್ತ ವರ್ಷದಾಗ ನನ್ನ ಬಗ್ಗೆ ಇಷ್ಟ ಚಲೋ ಯಾರೂ ಬರದಿಲ್ಲ. ನೀ ಬರದಿ, ಬರದು ಮ್ಯಾಲ ಚೀಟಿ ಹಚ್ಚಿದಿ. ಯಾಕೋ? ಇದರಾಗ ಸುಳ್ಳ ಯಾವುದೈತಿ? ಎಲ್ಲಾರ ಮುಂದ ಹೇಳು! ಬಾಯಿ ಯಾಕ ಬಿಡವಲ್ಲಿ?"

ಹಿಂದಿನ ಬೆಂಚಿನಿಂದ ಕಾಕಾ ಕೆಮ್ಮಿದರು.

"ಎಲ್ಲಾ... ಖರೇ ಐತ್ರಿ ಮಾವಶಿ."

"ಹಂಗಾರ ಕೀಳು! ಇನ್ನೂರೂ ಕೀಳು!"

ಎಲ್ಲರೂ ಊಟಕ್ಕೆ ಕೂತಾಗ ನೀಲೇಶ ಮೂಲೆಯಲ್ಲಿ ನೀರಿನ ಬಟ್ಟಲಿಟ್ಟುಕೊಂಡು ಚೀಟಿ ಕೀಳುತ್ತಿದ್ದ. ಅಷ್ಟರಲ್ಲಿ ಗೋಂದು ಒಣಗಿ ಕಲ್ಲಾಗಿತ್ತು. ಪ್ರತಿ ಚೀಟಿಯೂ ನಡುವಿನ ಹೊಗಳಿಕೆಯನ್ನೆಲ್ಲ ಕಿತ್ತುಕೊಂಡೇ ಬಂತು. ಗೋಂದು ತಾಗದ ಅಂಚಿನಲ್ಲಿ, ದಪ್ಪ ಶೀರ್ಷಿಕೆಯ ಕೆಳಗೆ, ಉಳಿದದ್ದು ಇಷ್ಟೇ:

'ಪ್ರಭುವಿನಲ್ಲಿ ನಿದ್ರೆಹೋದವರು: ಕೃಷ್ಣವ್ವ.'

ಕೈತೊಳೆದ ಮಾವಶಿ ಕೋಲೂರುತ್ತ ಮೂಲೆಯ ಕಡೆಗೇ ಬರುತ್ತಿದ್ದರು.