ಅಡಿಗೆರೆಯಲ್ಲಿದ್ದ ಸೀರೆ

ಹೆಸರಿಡುವ ವಿಷಯದಲ್ಲಿ ನನ್ನಂಥ ಸೋಮಾರಿ ಬಾಗಲಕೋಟೆ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ತೊಟ್ಟಿಲ ಶಾಸ್ತ್ರ ಮುಗಿದು ವರ್ಷಗಳಾದರೂ ಮಗಳನ್ನು ‘ಪಾಪು’ ಎಂದೇ ಕರೆಯುತ್ತಿದ್ದೆ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಹೆಸರು ಕೇಳಿದಾಗ ಹೆಂಡತಿ ಸುಮಿತ್ರಾಳ ಮುಖ ನೋಡಿದೆ. ನನ್ನ ಫೋನಿನಲ್ಲಿ ‘ನಳ’ ಎಂಬ ಹೆಸರಿನವರು ಮೂವರಿದ್ದಾರೆ. ಒಬ್ಬರು ನಳ ರಿಪೇರಿ ಮಾಡುವವರು, ಒಬ್ಬರು ನೀರು ಬಿಡುವವರು, ಮೂರನೆಯವರು ಯಾರೆಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಇಂಥ ನನಗಾಗಿಯೇ ಯಾರೋ ಪುಣ್ಯಾತ್ಮರು ಕಂಪ್ಯೂಟರಿನಲ್ಲಿ ಶೆಲ್ ಎಂಬುದನ್ನು ಮಾಡಿಟ್ಟಿದ್ದಾರೆ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಕೆಳಗೇ ಉತ್ತರ. ಆ ಉತ್ತರ ಮುಂದಿನ ಸಾಲಿಗೆ ಬೇಕಾಗುತ್ತದೆಂದು ಸಂಭಾವಿತರು ಅದಕ್ಕೊಂದು ಹೆಸರು ಕೊಟ್ಟಿರುತ್ತಾರೆ. ಕೊಡದವರು ‘_’ ಎಂದು ಒಂದು ಅಡಿಗೆರೆ ಎಳೆದರೆ ಸಾಕು. ಅಡಿಗೆರೆ ಎಂದರೆ ‘ಈಗ ಬಂತಲ್ಲ, ಅದು’ ಎಂದರ್ಥ. ನಮ್ಮ ಮನೆಯಲ್ಲಿ ‘ಅದು ತಗೊಂಡು ಬಾ’ ಎಂದರೆ ಯಾರೂ ಕೂತಲ್ಲಿಂದ ಏಳುವುದಿಲ್ಲ. ಇಲ್ಲೊಂದು ಯಂತ್ರ ‘ಯಾವುದು’ ಎಂದು ಎದುರು ಕೇಳದೆ ತಂದುಕೊಡುತ್ತದೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಇಷ್ಟು ವರ್ಷ ಗಣಿತ ಹೇಳಿದ ನಾನು ಮೊದಲ ಸಲ ಅದನ್ನು ಕಂಡು ಬೆರಗಾಗಿದ್ದೆ.

ಆ ಬೆರಗು ಸೀರೆಯ ತನಕ ಹೋಯಿತು. ಸುಮಿತ್ರಾಳ ತಂಗಿಯ ಮದುವೆ ಚೊಳಚಗುಡ್ಡದಲ್ಲಿ ನಿಕ್ಕಿಯಾಗಿತ್ತು. ತೀರಿಕೊಂಡ ಅತ್ತೆಯವರು ಉಡುತ್ತಿದ್ದ ಗೀರಿನ ಇಳಕಲ್ ಸೀರೆಯಂಥದ್ದನ್ನೇ ನೇಯಿಸಿ, ಉಟ್ಟು, ತಂಗಿಯ ಪಕ್ಕ ನಿಲ್ಲಬೇಕೆಂಬುದು ಇವಳ ಆಸೆ. “ಅವ್ವ ನಿಂತಂಗ ಆಗ್ತದ್ರಿ, ಆಕಿಗೆ ಧೈರ್ಯ ಬರ್ತದ,” ಎಂದಳು. ಆದರೆ ಆ ಸೀರೆಯಲ್ಲಿ ಉಳಿದಿದ್ದು ಒಂದೇ ತುಂಡು. ಅದು ನಮ್ಮ ಜೊತೆಗಿರುವ ಮಾವನವರ ಕೌದಿಯಲ್ಲಿತ್ತು. ಹಳೆಯ ಸೀರೆಗಳ ತುಂಡು ಸೇರಿಸಿ ಅತ್ತೆಯೇ ಹೊಲಿದ ಕೌದಿ. ಆ ತುಂಡು ಬಿಚ್ಚಿ ಇಳಕಲ್ಲಿನ ನೇಕಾರರಿಗೆ ತೋರಿಸೋಣವೆಂದರೆ ಮಾವ ಕೌದಿಯನ್ನು ಇನ್ನಷ್ಟು ಮೈಗೆ ಎಳೆದುಕೊಂಡು, “ಬಿಚ್ಚೂದು ಬ್ಯಾಡ್ರಿ ಅಳಿಯಾರ,” ಎಂದರು. ಅಷ್ಟೇ ಹೇಳಿದ್ದು. ನಾವಿಬ್ಬರೂ ಮುಂದೆ ಒತ್ತಾಯಿಸಲಿಲ್ಲ. ಆಗ ನಾನು ಎದೆ ತಟ್ಟಿಕೊಂಡೆ. ಕೌದಿ ಹೊದ್ದು ಕೂತ ಮಾವನವರ ಮೊಣಕಾಲ ಮೇಲಿನ ಆ ತುಂಡಿನ ಫೋಟೊ ತೆಗೆದೆ. ಫೋಟೊ ನೋಡಿ ಯಾವ ಬಣ್ಣದ ಎಳೆ ಎಷ್ಟಾದ ಮೇಲೆ ಯಾವುದು ಬರುತ್ತದೆಂದು ಶೆಲ್ಲಿನಲ್ಲೇ ಎಣಿಸಿಕೊಡುವೆನೆಂದೆ.

ಎಣಿಸುವುದು ಹೇಳಿದಷ್ಟು ಹಗುರವಿರಲಿಲ್ಲ. ಒಮ್ಮೆ ಸೀರೆಯೆಲ್ಲ ಕೆಂಪಾಯಿತು, ಒಮ್ಮೆ ಮಾವನವರ ಹೆಬ್ಬೆರಳೂ ಗೀರಿನಲ್ಲಿ ಸೇರಿಕೊಂಡಿತು. ಬಂದ ಉತ್ತರದ ಮೇಲೆ ಅಡಿಗೆರೆ, ಅದರ ಮೇಲೆ ಬಂದ ಉತ್ತರಕ್ಕೆ ಮತ್ತೆ ಅಡಿಗೆರೆ, ಹೀಗೆ ತಿದ್ದುತ್ತ ತಿದ್ದುತ್ತ ಒಂದು ಭಾನುವಾರ ಬೆಳಿಗ್ಗೆ ಗೀರುಗಳು ತಟ್ಟನೆ ಹೊಂದಿಕೊಂಡವು. ಉದ್ದ ಪಟ್ಟಿಯಾದ್ದರಿಂದ ಪರದೆ ತಲೆ, ಬಾಲ ಮಾತ್ರ ತೋರಿಸಿ ನಡುವೆ ಚುಕ್ಕಿ ಇಟ್ಟಿತ್ತು. ಅಷ್ಟರಲ್ಲಿ ನೇಕಾರರ ಫೋನು: “ಸರ, ಮಧ್ಯಾಹ್ನ ಮಗ್ಗಕ್ಕ ಹಾಸು ಏರಸ್ತೇನ್ರಿ. ಈ ಸಲ ತಪ್ಪಿದ್ರ ಮದವಿಗೆ ಸೀರಿ ಆಗೂದಿಲ್ಲ.” ಹೇಳಬೇಕಾದ್ದು ಅಡಿಗೆರೆಯಲ್ಲಿ ಭದ್ರವಾಗಿತ್ತಲ್ಲ, ಹಿಗ್ಗಿ ಮಾವನವರನ್ನು ಕರೆದು ತೋರಿಸಿದೆ. ಬಸ್ ಡ್ರೈವರಾಗಿ ನಿವೃತ್ತರಾದ ಅವರು, “ಇದಕ್ಕ ಡೀಸೆಲ್ ಲೆಕ್ಕ ಬರ್ತದೇನ್ರಿ?” ಎಂದರು. ಮಾವ ಕೇಳಿದ್ದಕ್ಕೆ ಇಲ್ಲವೆನ್ನುವ ಅಳಿಯ ನಮ್ಮ ಕಡೆ ಹುಟ್ಟಿಲ್ಲ. ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗಿ ಬರಲು ಎಷ್ಟು ಡೀಸೆಲ್ ಬೇಕೆಂದು ಲೆಕ್ಕ ಮಾಡಿ ತೋರಿಸಿದೆ. “ಖರೆ ಐತಿ,” ಎಂದು ಮಾವ ತಲೆದೂಗಿದರು. ಆಮೇಲೆ ಸೀರೆ ತರಲು ಅಡಿಗೆರೆ ಒತ್ತಿದರೆ, ಬಂದದ್ದು ಡೀಸೆಲ್.

ಏನೇನು ತಿದ್ದಿ ಆ ಉತ್ತರ ಬಂದಿತ್ತೆಂಬುದು ನನಗೇ ಗೊತ್ತಿರಲಿಲ್ಲ. ಮಾವ ಅಪರಾಧಿಯಂತೆ ಕೌದಿಯ ಅಂಚು ಹಿಡಿದು ನಿಂತರು. ಸುಮಿತ್ರಾ ಒಳಗಿನಿಂದ ಬಂದು ಪರದೆಯನ್ನು ಮೇಲೆ ಸರಿಸಿ ನೋಡಿ, “ಅಲ್ರಿ, ಒಂದೊಂದು ಉತ್ತರದ ಬಾಜೂಕ ಕೆಂಪು ಅಂಕಿ ಐತಲ್ಲ, ಅದು ಯಾತಕ್ಕ?” ಎಂದಳು. ಅದನ್ನು ನಾನು ಇಷ್ಟು ದಿನ ಅಲಂಕಾರವೆಂದು ತಿಳಿದಿದ್ದೆ. ಅಡಿಗೆರೆಯ ಪಕ್ಕ ಸೀರೆಯ ಉತ್ತರದ ಅಂಕಿ ಬರೆದು ಒತ್ತಿದೆ. ಸೀರೆ ಬಂತು. ಅಷ್ಟೇ ಅಲ್ಲ, ಬೇರೆ ಅಂಕಿ ಕೊಟ್ಟರೆ ಕೆಂಪು ಸೀರೆಯೂ ಬಂತು, ಹೆಬ್ಬೆರಳೂ ಬಂತು. ನಾನು ಬೇಡವೆಂದು ಬಿಟ್ಟದ್ದನ್ನೆಲ್ಲ ಅದು ಒಂದೂ ಬಿಡದೆ ಇಟ್ಟುಕೊಂಡಿತ್ತು. ಮೂವರೂ ನೋಡುತ್ತ ನಿಂತೆವು. ಗುಡಿಯಲ್ಲಿಯೂ ನಾನು ಅಷ್ಟು ಭಕ್ತಿಯಿಂದ ನಿಂತದ್ದು ಕಡಿಮೆ.

ಪಟ್ಟಿಯನ್ನು ಪೂರ್ತಿ ಬಿಡಿಸಿ ಫೋನಿನಲ್ಲಿ ಓದಿದೆ. ನಡುವೆ ನೇಕಾರರು, “ಸರ, ಇಲ್ಲಿ ಒಂದೊಂದು ಬಿಳಿ ಎಳಿ ಅಂತೀರಿ, ಇಂಥಾ ಗೀರು ನಾ ನೋಡಿಲ್ರಿ,” ಎಂದರು. “ಕಂಪ್ಯೂಟರ್ ಹೇಳೇತ್ರಿ,” ಎಂದೆ. ಅವರು ಬರೆದುಕೊಂಡರು.

ಮದುವೆಯ ಮುನ್ನಾದಿನ ಸೀರೆ ಬಂತು. ಸುಮಿತ್ರಾ ಬಿಚ್ಚಿ ಹಾಸಿದಳು. ಮಾವ ಕನ್ನಡಕ ಹಾಕಿಕೊಂಡು ಬಾಗಿ, ಗೀರುಗಳ ನಡುವಿನ ತೆಳ್ಳನೆಯ ಬಿಳಿ ಎಳೆಯ ಮೇಲೆ ಬೆರಳಾಡಿಸಿದರು. “ಇದು ಸೀರ್ಯಾಗ ಇದ್ದಿದ್ದಿಲ್ಲ,” ಎಂದರು. ಆಮೇಲೆ ತಮ್ಮ ಕೌದಿಯನ್ನು ತಂದು ಪಕ್ಕಕ್ಕಿಟ್ಟು, “ಇದು ಆಕಿ ಹಾಕಿದ ಹೊಲಿಗಿ,” ಎಂದರು. ಆಗ ನನಗೆ ಹೊಳೆಯಿತು: ಕೌದಿಯ ಬಿಳಿ ದಾರವನ್ನೂ ಆ ಯಂತ್ರ ಎಳೆಯೆಂದು ಎಣಿಸಿತ್ತು, ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಜೋಪಾನ ಮಾಡಿ ತಂದುಕೊಟ್ಟಿತ್ತು. ಸುಮಿತ್ರಾ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ನೆಲದ ಮೇಲೇ ಕೂತಳು. “ಅವ್ವನ ಹೊಲಿಗಿನೂ ನೇಯಿಸೀರಿ, ನನಗ ಒಂದು ಮಾತು ಹೇಳ್ಲಿಲ್ಲ,” ಎಂದು ಅತ್ತಳು. ಮಾವ ನನ್ನ ಎರಡೂ ಕೈ ಹಿಡಿದುಕೊಂಡರು. ನನಗೂ ಕಣ್ಣು ತುಂಬಿತು. ನಿಜ ಹೇಳಲೆಂದು ಬಾಯಿ ತೆರೆದವನು, “ಅದೇನ್ ದೊಡ್ಡದು ಬಿಡ್ರಿ ಮಾವ,” ಎಂದುಬಿಟ್ಟೆ.

ಈಗ ಸುಮಿತ್ರಾಳ ಚಿಕ್ಕಮ್ಮಂದಿರಿಬ್ಬರು ತಮ್ಮ ಅವ್ವಂದಿರ ಕೌದಿಗಳನ್ನು ಕಳಿಸಿದ್ದಾರೆ. ಸೀರೆಯ ಗೀರಿನ ಜೊತೆ ಹೊಲಿಗೆಯೂ ಬರಲೇಬೇಕಂತೆ. ಶೆಲ್ ಮುಚ್ಚಿದಾಗಲೇ ಹಳೆಯ ಉತ್ತರಗಳೆಲ್ಲ ಹೋದವು. ವಾರದಿಂದ ಅಡಿಗೆರೆಯ ಮೇಲೆ ಅಡಿಗೆರೆ ಎಳೆಯುತ್ತ ಕೂತಿದ್ದೇನೆ. ಏನು ಮಾಡಿದರೂ ಹೊಲಿಗೆ ಬಿಟ್ಟು ಸರಿಯಾದ ಉತ್ತರವೇ ಬರುತ್ತಿದೆ.