ಶೆಡ್ಡಿನ ಬಾಣಂತಿ

ಧನುರ್ಮಾಸದ ಚಳಿ ಮೈಸೂರಿನಲ್ಲಿ ಯಾರನ್ನೂ ಬಿಡುವುದಿಲ್ಲ, ನಿಜ. ಆದರೆ ಕೆಸರೆಯ ಚೆಲುವರಾಜುವಿನ ಮೇಲೆ ಅದಕ್ಕೆ ಏನೋ ಹಳೇ ಜಿದ್ದು. ಬೇರೆಯವರಿಗೆ ಕೈಕಾಲು ಮರಗಟ್ಟಿದರೆ ಇವನಿಗೆ ಮಿಷನ್ನೇ ಮರಗಟ್ಟುತ್ತಿತ್ತು.

ಚೆಲುವರಾಜು ಪೇಟೆಯ ಕೋವಿ ಅಂಗಡಿಯೊಂದಕ್ಕೆ ಸೀಸದ ಗುಂಡು ಎರಕ ಹೊಯ್ದು ಕೊಡುವ ಕಸುಬಿನವನು. (ಲೈಸೆನ್ಸಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದ. ಮದ್ದು ತುಂಬುವುದು ಅಂಗಡಿಯವರ ಪಾಲು. ಇವನ ಮನೆಯಲ್ಲಿ ಸಿಡಿಯುವ ವಸ್ತು ಎಂದರೆ ಹೆಂಡತಿ ಸುಂದರಮ್ಮ ಒಬ್ಬಳೇ.) ಗುಂಡಿನ ಸೊಂಟದ ಸುತ್ತ ಇರುವ ಗೀರುಗಳಿಗೆ ಜೇನುಮೇಣ, ಕುರಿಕೊಬ್ಬು ಬೆರೆಸಿದ ಜಿಡ್ಡು ತುಂಬಬೇಕು. ಇಲ್ಲದಿದ್ದರೆ ಕೋವಿಯ ನಳಿಗೆಗೆ ಸೀಸ ಮೆತ್ತಿಕೊಳ್ಳುತ್ತದೆ. ಜಿಡ್ಡು ತಿನ್ನಿಸಲೆಂದೇ ಹಿತ್ತಲ ಶೆಡ್ಡಿನಲ್ಲಿ ಒಂದು ಬೀಡುಕಬ್ಬಿಣದ ಮಿಷನ್ನಿತ್ತು. ದಪ್ಪ ಹೊಟ್ಟೆ, ತಲೆಯ ಮೇಲೆ ಜಿಡ್ಡು ಒತ್ತುವ ತಿರುಪು, ಪಕ್ಕಕ್ಕೊಂದು ಹಿಡಿ, ಸ್ಟೂಲಿನ ಮೇಲೆ ಇಟ್ಟರೆ ಕೂತ ಹೆಂಗಸಿನ ಎತ್ತರ. ಚಳಿ ಬಿದ್ದರೆ ಅದರ ಹೊಟ್ಟೆಯೊಳಗಿನ ಜಿಡ್ಡು ಕಲ್ಲಾಗುತ್ತಿತ್ತು. ಹಿಡಿ ಒತ್ತಿದರೆ ಮಿಷನ್ನು ಎಳೆಗೂಸಿನ ಹಾಗೆ ಕುಂಯ್ ಎನ್ನುತ್ತಿತ್ತೇ ಹೊರತು ಒಂದು ತೊಟ್ಟು ಜಿಡ್ಡು ಬಿಡುತ್ತಿರಲಿಲ್ಲ.

"ಮಗ್ಳು ಪ್ರೇಮಲೀಲಾ ಚೊಚ್ಚಲ ಹೆರಿಗೆಗೆ ಬತ್ತಾವ್ಳೆ," ಎಂದು ಸುಂದರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಇರೋದು ಒಂದು ನಡುಮನೆ, ಒಂದು ಅಡುಗೆಮನೆ. ಬಾಣಂತೀನ ಎಲ್ಲಿ ಮಲಗಿಸ್ಲಿ, ನಿಮ್ ತಲೆ ಮ್ಯಾಲಾ?"

"ಸಂಕ್ರಾಂತಿಗೆ ಶಿಕಾರಿಯವರ ಗುಂಡು ಕೊಟ್ಬುಟ್ರೆ ಜಗಲಿಗೆ ಗ್ವಾಡೆ ಎತ್ತಿಸ್ತೀನಿ ಕಣೆ."

"ಕೊಟ್ರೆ ಶೆಡ್ಡು ನಿಮ್ದು. ಕೊಡ್ಲಿಲ್ವೋ, ಸುಣ್ಣ ಹೊಡ್ಸಿ ಬಾಣಂತಿ ಕ್ವಾಣೆ ಮಾಡ್ಬುಡ್ತೀನಿ. ಆಮೇಲೆ ನನ್ನ ಕೇಳ್ಬ್ಯಾಡಿ."

ಚೆಲುವರಾಜು ಲೆಕ್ಕ ಹಾಕಿದ. ಶೆಡ್ಡು ಹೋದರೆ ಕಸುಬು ಹೋದಂತೆ. ಅದಕ್ಕಿಂತ ಮಿಗಿಲಾಗಿ, ಸುಂದರಮ್ಮನ ದನಿ ತಲುಪದ ಭೂಮಂಡಲದ ಏಕೈಕ ಸ್ಥಳ ಕೈಬಿಟ್ಟಂತೆ. (ಅವಳಿಗೆ ಸೀಸದ ವಾಸನೆ ಆಗುತ್ತಿರಲಿಲ್ಲ, ಶೆಡ್ಡಿನ ಹೊಸ್ತಿಲು ದಾಟುತ್ತಿರಲಿಲ್ಲ.)

ಹಾಗಾಗಿ ಮಿಷನ್ನು ಬೆಚ್ಚಗಿಡುವ ಮಹಾಯಜ್ಞ ಶುರುವಾಯಿತು. ಖರ್ಚಿಲ್ಲದೆ ಆಗಬೇಕಲ್ಲ? ಮೊದಲು ಇಟ್ಟಿಗೆ ಕಾಯಿಸಿ ಗೋಣಿಯಲ್ಲಿ ಸುತ್ತಿ ಅದರ ಹೊಟ್ಟೆಗೆ ಕಟ್ಟಿದ. ಗೋಣಿಗೇ ಬೆಂಕಿ ಹತ್ತಿಕೊಂಡಿತು. ಸೀಸೆಗಳಲ್ಲಿ ಬಿಸಿನೀರು ತುಂಬಿಟ್ಟ. ಒಂದೊಂದಾಗಿ ಟಪ್ ಟಪ್ ಎಂದು ಒಡೆದವು. ಕೊನೆಗೆ, ಒಲೆಯಿಂದ ಇಳಿದ ರಾಗಿಮುದ್ದೆಯಷ್ಟು ಹೊತ್ತು ಬಿಸಿ ಹಿಡಿಯುವ ಪದಾರ್ಥ ಮೂರು ಲೋಕದಲ್ಲೂ ಇಲ್ಲವೆಂದು ಹೊಳೆದು, ತನ್ನ ಪಾಲಿನ ಮುದ್ದೆಯನ್ನೇ ಪಂಚೆಯ ತುಂಡಿನಲ್ಲಿ ಸುತ್ತಿ ಕಟ್ಟಿದ. ಜಿಡ್ಡು ಚೆನ್ನಾಗಿಯೇ ಕರಗಿತು, ಕರಗಿ ಕೆಳಗೆ ಸೋರಿತು. ಮಾರನೆಯ ಬೆಳಿಗ್ಗೆ ನೋಡಿದರೆ ಹೆಗ್ಗಣಗಳು ಮುದ್ದೆಯ ಜೊತೆಗೆ ಜಿಡ್ಡನ್ನೂ ಮುಗಿಸಿ ಹೋಗಿದ್ದವು.

ಅವನು ಹೊಟ್ಟೆ ಹಸಿದುಕೊಂಡು ಕೂತಿದ್ದಾಗ ಸುಂದರಮ್ಮ ಮಗಳ ಬಾಣಂತನಕ್ಕೆಂದು ಅಟ್ಟದಿಂದ ಕರಿಕಂಬಳಿ, ಅಗ್ಗಿಷ್ಟಿಕೆ ಇಳಿಸಿ ಒರೆಸುತ್ತಿದ್ದಳು. ಚೆಲುವರಾಜುವಿಗೆ ಜ್ಞಾನೋದಯವಾಯಿತು. ಹಸಿ ಬಾಣಂತಿಯನ್ನು ಬೆಚ್ಚಗಿಡುವ ವಿದ್ಯೆಯ ಮುಂದೆ ಕಬ್ಬಿಣ ಯಾವ ಲೆಕ್ಕ?

ಅವಳು ಒಳಗೆ ಹೋದದ್ದೇ ತಡ, ಎರಡನ್ನೂ ಹಾರಿಸಿಕೊಂಡು ಹೋದ. (ಅವಳು ಕೇಳಿದ್ದಕ್ಕೆ ಮತ್ತೆ ಅಟ್ಟಕ್ಕೇ ಹಾಕಿದೆನೆಂದ.) ಮಿಷನ್ನಿಗೆ ಕಂಬಳಿ ಹೊದಿಸಿ, ಮೇಲಿನ ತಿರುಪಿಗೆ ಗಾಳಿ ಹೋಗದ ಹಾಗೆ ಬಿಳಿ ಬಟ್ಟೆ ಬಿಗಿದು ಕಟ್ಟಿ, ಕಾಲ ಬುಡದಲ್ಲಿ ಕೆಂಡ ತುಂಬಿದ ಅಗ್ಗಿಷ್ಟಿಕೆ ಇಟ್ಟ. ಕೊಬ್ಬಿನ ನಾತ ಮನೆಯ ಕಡೆ ಹೋಗದಿರಲಿ ಎಂದು ಒಂದು ಚಿಟಿಕೆ ಸಾಂಬ್ರಾಣಿಯನ್ನೂ ಉದುರಿಸಿದ. ಹಿಡಿ ಕುಂಯ್ ಎನ್ನುವುದು ನಿಲ್ಲದಿದ್ದರೂ ಜಿಡ್ಡು ತುಪ್ಪದ ಹಾಗೆ ಇಳಿಯಿತು. ಗುಂಡು ಒಂದರ ಹಿಂದೊಂದು ಮಿರಮಿರ ಮಿಂಚುತ್ತಾ ಬಂದವು.

ನಾಲ್ಕು ದಿನ ಕಳೆದಿರಬೇಕು. ಪಕ್ಕದ ಮನೆಯ ಶಾಂತಾದೇವಿ ಬೆಳಿಗ್ಗೆಯ ಮಂಜಿನಲ್ಲಿ ಹಿತ್ತಲ ಗೋಡೆಯ ಮೇಲಿಂದ ಇಣುಕಿ, ಕೈಲಿದ್ದ ಬಿಂದಿಗೆ ಬಿಟ್ಟು ಒಳಗೋಡಿದಳು. ಮಧ್ಯಾಹ್ನ ಸುಂದರಮ್ಮ ಬಿಳಿಚಿಕೊಂಡು ಗಂಡನ ಮುಂದೆ ಕೂತಳು.

"ನಮ್ ಶೆಡ್ಡಲ್ಲಿ ಒಬ್ಬಳು ಬಾಣಂತಿ ಕೂತವ್ಳಂತೆ ಕಣ್ರೀ. ಕಂಬ್ಳಿ ಹೊದ್ಕಂಡು, ತಲೆಗೆ ಬಟ್ಟೆ ಕಟ್ಕಂಡು, ಕೆಂಡದ ಮುಂದೆ. ಸಾಂಬ್ರಾಣಿ ವಾಸ್ನೆ ನಂಗೂ ಬಂತು. ಮಗಾ ಅಳೋದು ನಾನೇ ಕಿವಿಯಾರೆ ಕೇಳಿವ್ನಿ."

ನಿಜ ಹೇಳಿದರೆ ಕಂಬಳಿ, ಅಗ್ಗಿಷ್ಟಿಕೆ ವಾಪಸ್ಸು. ಹೇಳದಿದ್ದರೆ? ಚೆಲುವರಾಜುವಿನ ತಲೆಯಲ್ಲಿ ದೀಪ ಹತ್ತಿತು. ದೆವ್ವವಿರುವ ಶೆಡ್ಡಿಗೆ ಹಡೆಯುವ ಮಗಳನ್ನು ಯಾವ ತಾಯಿ ಕಳಿಸುತ್ತಾಳೆ?

"ನಾನೂ ನೋಡಿವ್ನಿ," ಎಂದ ದನಿ ತಗ್ಗಿಸಿ. "ನಿಂಗೆ ಭಯ ಆಯ್ತದೆ ಅಂತ ಹೇಳಿರ್ಲಿಲ್ಲ. ಯಾರೋ ಪಾಪ, ಹಡ್ದು ಸತ್ತೋಳು. ನನ್ನ ಏನೂ ಮಾಡಕಿಲ್ಲ. ಬ್ಯಾರೆ ಬಾಣಂತಿ ಆ ಜಾಗಕ್ಕೆ ಬಂದ್ರೆ ಮಾತ್ರ ಬುಡಕಿಲ್ವಂತೆ."

"ಅಯ್ಯೋ ನಮ್ಮವ್ವಾ! ಹಂಗಾರೆ ಆ ಶೆಡ್ಡು ಬ್ಯಾಡ. ಬೀಗರ ಕಿವಿಗೆ ಬಿದ್ದಾತು, ಉಸಿರು ಬುಡ್ಬ್ಯಾಡಿ."

ಚೆಲುವರಾಜು ಮೀಸೆಯಡಿ ನಕ್ಕ. ಮೀಸೆ ಸಣ್ಣದು, ನಗೆ ಹಿಡಿಸಲಿಲ್ಲ, ಕೆಮ್ಮಿ ಮುಚ್ಚಿಕೊಂಡ.

ಆದರೆ ಹೇಳಿದ ಸುಳ್ಳು ಅವನ ಹಿಂದೆಯೇ ಶೆಡ್ಡಿಗೆ ಬಂತು. ಮರುದಿನ ಹೊಸ್ತಿಲ ಮೇಲೆ ಹಸಿರು ಬಳೆ, ವೀಳ್ಯದೆಲೆ, ಬೇವಿನ ಸೊಪ್ಪು. ಶಾಂತಾದೇವಿಯ ಕೆಲಸವೆಂದು ಅವನಿಗೆ ಗೊತ್ತು. ಆದರೂ ಅದನ್ನು ಕಾಲಿನಿಂದ ಸರಿಸಲು ಧೈರ್ಯ ಬರಲಿಲ್ಲ. ಸುಮ್ಮನೆ ದಾಟಿ ಒಳಗೆ ಹೋದ. ಕೆಂಡದ ಕೆಂಪು ಬೆಳಕಿನಲ್ಲಿ ಕಂಬಳಿಯ ಆಕೃತಿ ಕೂತಿತ್ತು. ಗೋಡೆಯ ಕಡೆ ತಿರುಗಿಸಿ ಹೋಗಿದ್ದ ತಲೆಬಟ್ಟೆಯ ಗಂಟು ಈಗ ಬಾಗಿಲ ಕಡೆ ಇತ್ತು. ಜಿಡ್ಡು ಕರಗಿದರೆ ತಿರುಪು ತಾನೇ ಸಡಿಲವಾಗಿ ಸುತ್ತುತ್ತದೆ, ಬಟ್ಟೆಯೂ ಜೊತೆಗೆ ಸುತ್ತುತ್ತದೆ. ಇಪ್ಪತ್ತು ವರ್ಷದ ಕಸುಬುದಾರನಿಗೆ ಇದು ತಿಳಿಯದ್ದೇ? ತಿಳಿದೂ ಗಂಟನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದ. ಹಿಡಿ ಒತ್ತಿದ. ಕುಂಯ್! ಕೈ ತೆಗೆದ. ಕೈ ತೆಗೆದ ಮೇಲೂ ಇನ್ನೊಂದು ಸಲ, ಸಣ್ಣಗೆ, ಕುಂಯ್!

ಅಂದಿನಿಂದ ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೆಮ್ಮುವ ಅಭ್ಯಾಸ ಮಾಡಿಕೊಂಡ. ಮಿಷನ್ನಿಗೆ ಬೆನ್ನು ಹಾಕುವುದನ್ನು ಬಿಟ್ಟ. ಕಾವು ಹತ್ತಿದೆಯೇ ಎಂದು ದಿನಾ ಅದರ ತಲೆ ಮುಟ್ಟಿ ನೋಡಬೇಕಿತ್ತು. ಮುಟ್ಟುವ ಮೊದಲು ಒಂದು ಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಮನೆಯ ಮುಂದೆ ಹುಲಿಗೆ ಗುಂಡು ಮಾಡುವವನೆಂದು ಕೊಚ್ಚಿಕೊಳ್ಳುತ್ತಿದ್ದ ಗಂಡಸು ಹಿತ್ತಲಲ್ಲಿ ಹೀಗಾದ.

ಇನ್ನೊಂದು ಕಂತು ಗುಂಡು ಕೊಟ್ಟರೆ ಕೆಲಸ ಮುಗಿದಂತೆ ಎನ್ನುವ ದಿನ ಅಂಗಡಿಗೆ ಹೋದವನು ಮುಸ್ಸಂಜೆಗೆ ವಾಪಸ್ಸಾದ. ಮಂಜು ಆಗಲೇ ಹಿತ್ತಲಿಗೆ ಇಳಿದಿತ್ತು. ಕೆಂಡ ಆರಿದ್ದರೆ ಜಿಡ್ಡು ಕಟ್ಟೀತೆಂದು ಮನೆಯೊಳಗೂ ಹೋಗದೆ ನೇರ ಶೆಡ್ಡಿಗೆ ನಡೆದ. ದೀಪವಿಲ್ಲ. ಅಗ್ಗಿಷ್ಟಿಕೆ ನಿಗಿನಿಗಿ ಎನ್ನುತ್ತಿತ್ತು. ಅದರ ಮುಂದೆ ಕಂಬಳಿ, ತಲೆಬಟ್ಟೆ. ಕಣ್ಣು ಮುಚ್ಚಿ ತಲೆಯ ಮೇಲೆ ಕೈ ಇಟ್ಟ. ಬೆಚ್ಚಗಿತ್ತು.

"ಚೆನ್ನಾಗಿ ಕಾದದೆ," ಎಂದ ತೃಪ್ತಿಯಿಂದ.

ತಲೆ ಅವನ ಅಂಗೈಯಡಿಯಲ್ಲಿ ನಿಧಾನವಾಗಿ ತಿರುಗಿತು.

"ಬಾಗ್ಲು ಹಾಕಿ. ಗಾಳಿ ಬತ್ತದೆ," ಎಂದಿತು.

ಚೆಲುವರಾಜು ದಬಾರನೆ ಅಡ್ಡಬಿದ್ದ. ಹಲ್ಲು ಕಟಕಟ ಎನ್ನುವಾಗಲೂ ಮಾತು ಮಾತ್ರ ಧಾರಾಳವಾಗಿ ಬಂತು. "ತಾಯೀ, ತಪ್ಪಾಯ್ತು! ನಿನ್ ಎಸ್ರಲ್ಲಿ ಸುಳ್ಳು ಹೇಳ್ಬುಟ್ಟೆ. ಈ ಶೆಡ್ಡು ನಿಂದೇ! ಇವತ್ತಿಂದ ನಿಂದೇ! ಆಣೆ ಮಾಡಿ ಬುಟ್ಕೊಟ್ಟಿವ್ನಿ. ನನ್ನೊಬ್ಬನ್ನ ಬುಟ್ಬುಡು!"

ಅಷ್ಟರಲ್ಲಿ ಸದ್ದು ಕೇಳಿ ಸುಂದರಮ್ಮ ಲಾಂದ್ರ ಹಿಡಿದು ಬಾಗಿಲಿಗೆ ಬಂದಳು. ಹಿಂದೆ ತುಂಬು ಬಸುರಿ ಪ್ರೇಮಲೀಲಾ. ಬೆಳಕು ಬಿದ್ದಾಗ ಕಂಬಳಿಯೊಳಗೆ ಕಂಡದ್ದು ಮಗಳ ಅತ್ತೆ, ಬೀಗಿತಿ ಚಾಮುಂಡಮ್ಮ. ಪಕ್ಕದ ಮೂಲೆಯಲ್ಲಿ ಮಿಷನ್ನು ಬರಿಮೈಯಲ್ಲಿ ನಿಂತಿತ್ತು.

"ನಾಳೆ ಅಮಾಸೆ, ಅದ್ಕೇ ಇವತ್ತೇ ಕರ್ಕಂಡ್ ಬಂದೆ," ಎಂದರು ಚಾಮುಂಡಮ್ಮ, ಗಾಬರಿಯಾಗದೆ. "ಚಳೀಲಿ ಮಂಡಿ ಹಿಡ್ಕಂಡ್ತು. ಇಲ್ಲಿ ಹೊಗೆ ಕಂಡು ಬಂದು ಕೂತ್ಕಂಡೆ. ಏನ್ ಬೀಗ್ರೇ, ಸೊಸೆಗೆ ಅಂತ ಇಷ್ಟು ಚೆನ್ನಾಗಿ ಕ್ವಾಣೆ ಮಾಡಿ, ಬಾಯ್ಬುಟ್ಟು ಹೇಳಕ್ಕೆ ಇಷ್ಟು ಸಂಕೋಚವಾ? ಕಾಲಿಗೆ ಬ್ಯಾರೆ ಬೀಳ್ತೀರಿ! ಏಳಿ, ಏಳಿ. ಆಣೆ ಮಾಡ್ಬುಟ್ರಲ್ಲ, ಸಾಕು."

ಸುಂದರಮ್ಮ ಕಂಬಳಿ ನೋಡಿದಳು. ಅಗ್ಗಿಷ್ಟಿಕೆ ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು. ಬೀಗಿತಿಯ ಎದುರು ಅವಳು ಬಾಯಿ ಬಿಡಲಿಲ್ಲ. ಅವಳ ಮೌನಕ್ಕೆ ಇಷ್ಟು ಭಯಂಕರ ಶಕ್ತಿಯಿದೆಯೆಂದು ಚೆಲುವರಾಜುವಿಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ.

ಬೀಗರ ಮುಂದೆ ಆಣೆ ಮಾಡಿದ ಮೇಲೆ ಮುಗಿಯಿತು. ಮಿಷನ್ನನ್ನು ತಬ್ಬಿ ಎತ್ತಿಕೊಂಡು ಹೊಸ್ತಿಲು ದಾಟುವಾಗ, ಕಂಬಳಿಯ ಅಂಚೊಂದು ಅದರ ಹಿಡಿಗೆ ಸಿಕ್ಕಿಕೊಂಡು ಎಳೆಯಿತು. ಚಾಮುಂಡಮ್ಮ ಕೈ ಚಾಚಿ ಅದನ್ನು ಬಿಡಿಸಿಕೊಂಡರು.

"ಇದೆಲ್ಲಿಗೆ ಒಯ್ತೀರಿ ಬೀಗ್ರೇ? ಇದು ಬಾಣಂತೀದು. ಬಾಗ್ಲು ಎಳ್ಕಂಡೋಗಿ."

ಬಾಗಿಲು ಮುಚ್ಚಿತು. ಒಳಗೆ ಹೆಂಗಸರ ನಗು, ಸಾಂಬ್ರಾಣಿಯ ಘಮ. ಹೊರಗೆ ಮಂಜಿನಲ್ಲಿ ಚೆಲುವರಾಜು ಮಿಷನ್ನನ್ನು ಅಪ್ಪಿ ನಿಂತಿದ್ದ. ಅವನ ಎದೆಗೆ ಒತ್ತಿದ ಕಬ್ಬಿಣ ತಣ್ಣಗಾಗುತ್ತಾ ಆಗುತ್ತಾ, ಒಳಗಿನ ಜಿಡ್ಡು ಮೆಲ್ಲಗೆ ಕಲ್ಲಾಯಿತು.